ಇನ್‌ಲೈನ್ ಸ್ಕೇಟಿಂಗ್‌ಗೆ ಅಖಾಡ ತಪ್ಪಿದ್ದು ಹೇಗೆ?

ಮಾನ್ಯ ಓದುಗರೇ,

ಸಾಹಸ ಕ್ರೀಡೆಗಳನ್ನು ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಲೇಖನದ ಬಗ್ಗೆ ತಾವು ಬರೆದ ದೀರ್ಘ ಪತ್ರ ಕೈಸೇರಿದೆ. ಸ್ಕೇಟ್‌ಬೋರ್ಡಿಗೂ ಬಿಎಂಎಕ್ಸ್ ಸೈಕಲ್ಲಿಗೂ ಪುಟಗಟ್ಟಲೆ ಜಾಗ ಕೊಟ್ಟ ಲೇಖಕರು ಇನ್‌ಲೈನ್ ಸ್ಕೇಟಿಂಗನ್ನು, ಅಂದರೆ ಒಂದೇ ಸಾಲಿನಲ್ಲಿ ಗಾಲಿ ಜೋಡಿಸಿದ ಬೂಟು ತೊಟ್ಟು ಆಡುವ ಆಟವನ್ನು, ‘ಪ್ರೇಕ್ಷಕರ ಆಸಕ್ತಿ ಕುಗ್ಗಿ ತೆರೆಮರೆಗೆ ಸರಿಯಿತು’ ಎಂಬ ಒಂದೇ ವಾಕ್ಯದಲ್ಲಿ ಮುಗಿಸಿದ್ದಾರೆ ಎಂದು ಬೇಸರಪಟ್ಟಿದ್ದೀರಿ. ಸ್ಕೇಟ್‌ಬೋರ್ಡಿನವರು ಒಗ್ಗಟ್ಟಾಗಿ ಈ ಆಟವನ್ನು ‘ಎಕ್ಸ್ ಗೇಮ್ಸ್’ ಎಂಬ ಸಾಹಸ ಕ್ರೀಡಾಕೂಟದಿಂದ ಹೊರಹಾಕಿಸಿದರು, ಒಲಿಂಪಿಕ್ಸ್‌ನಲ್ಲಿ ಅವಕಾಶ ಸಿಕ್ಕರೆ ಹಳೆಯ ಮನ್ನಣೆ ಮರಳಿ ಬರುತ್ತದೆ ಎಂಬುದು ತಮ್ಮ ವಾದ. ಪತ್ರದ ಕೊನೆಗೆ, ಲೇಖನದ ಜೊತೆ ಅಚ್ಚಾದ ಚಿತ್ರದ ಅಡಿಬರಹವೂ ತಪ್ಪು ಎಂದು ಒಂದು ಸಾಲು ಸೇರಿಸಿದ್ದೀರಿ. ನನ್ನನ್ನು ಹೆಚ್ಚು ಕೆಲಸಕ್ಕೆ ಹಚ್ಚಿದ್ದು ಆ ಸಾಲೇ. ಅದಕ್ಕೆ ಆಮೇಲೆ ಬರುತ್ತೇನೆ.

ಲೇಖನದ ಆ ವಾಕ್ಯ ಸುಳ್ಳಲ್ಲ, ಆದರೆ ಸೋಮಾರಿ ವಾಕ್ಯ. ಆಸಕ್ತಿ ಯಾಕೆ ಕುಗ್ಗಿತು, ಮೊದಲು ಕುಗ್ಗಿದ್ದು ಆಸಕ್ತಿಯೋ ಅವಕಾಶವೋ ಎಂಬುದನ್ನು ಅದು ಕೇಳಿಕೊಳ್ಳುವುದೇ ಇಲ್ಲ. ಅಚ್ಚಿಗೆ ಹೋಗುವ ಮುನ್ನ ಅದನ್ನು ತಡೆಯಬೇಕಾಗಿದ್ದವನು ನಾನು.

1995ರಲ್ಲಿ ಇಎಸ್‌ಪಿಎನ್ ವಾಹಿನಿಯು ಅಮೆರಿಕದ ರೋಡ್ ಐಲೆಂಡ್‌ನಲ್ಲಿ ‘ಎಕ್ಸ್‌ಟ್ರೀಮ್ ಗೇಮ್ಸ್’ ಎಂಬ ಹೆಸರಿನಿಂದ ಈ ಕೂಟವನ್ನು ಆರಂಭಿಸಿದಾಗ ಇನ್‌ಲೈನ್ ಸ್ಕೇಟಿಂಗ್‌ಗೆ ಸಿಕ್ಕಿದ್ದು ಮುಂದಿನ ಸಾಲಿನ ಜಾಗವೇ. ಎತ್ತರದ ಅರ್ಧವೃತ್ತಾಕಾರದ ರ‍್ಯಾಂಪಿನ ಮೇಲಿನ ‘ವರ್ಟ್’, ಕಂಬಿ ಕಟ್ಟೆಗಳ ನಡುವಿನ ‘ಸ್ಟ್ರೀಟ್’, ಇಳಿಜಾರಿನ ಓಟ ಮೂರೂ ಇದ್ದವು. ಐಸ್ ಹಾಕಿ ಆಟಗಾರರ ಬೇಸಗೆಯ ಅಭ್ಯಾಸಕ್ಕೆಂದು ಮಿನಿಯಾಪೊಲಿಸ್‌ನ ಓಲ್ಸನ್ ಸಹೋದರರು 1980ರ ಸುಮಾರಿಗೆ ರೂಪಿಸಿದ ಬೂಟು ಆ ಹೊತ್ತಿಗೆ ಮನೆಮನೆಗೆ ತಲುಪಿ, ‘ರೋಲರ್‌ಬ್ಲೇಡ್’ ಎಂಬ ಕಂಪನಿಯ ಹೆಸರೇ ಜನರ ಬಾಯಲ್ಲಿ ಆಟದ ಹೆಸರಾಗಿತ್ತು. 1996ರಲ್ಲಿ ಸ್ಟ್ರೀಟ್ ವಿಭಾಗದ ಚಿನ್ನ ಗೆದ್ದ ಆರ್ಲೊ ಐಸನ್‌ಬರ್ಗ್, ಒಟ್ಟು ಏಳು ಚಿನ್ನ ಗೆದ್ದ ಬ್ರೆಜಿಲಿನ ಫ್ಯಾಬಿಯೋಲಾ ಡ ಸಿಲ್ವಾ, ಕೊನೆಯ ವರ್ಷಗಳಲ್ಲಿ ವರ್ಟ್ ರ‍್ಯಾಂಪನ್ನು ತಮ್ಮದೇ ಮಾಡಿಕೊಂಡ ಜಪಾನಿನ ಯಾಸುತೊಕೊ ಸಹೋದರರು ಕೂಟದ ಜಾಹೀರಾತಿನ ಮುಖಗಳಾಗಬಲ್ಲವರೇ. ಆದರೂ ವಿಭಾಗಗಳು ಒಂದೊಂದಾಗಿ ಉದುರಿ, 2004ರಲ್ಲಿ ವರ್ಟ್ ಮಾತ್ರ ಉಳಿಯಿತು. 2005ರ ಪಟ್ಟಿಯಲ್ಲಿ ಅದೂ ಇರಲಿಲ್ಲ.

ಇಲ್ಲಿ ತಾವು ಒಳಸಂಚನ್ನು ಕಾಣುತ್ತೀರಿ. ಬೋರ್ಡಿನವರು ಗಾಲಿಬೂಟಿನವರನ್ನು ಗೇಲಿ ಮಾಡುತ್ತಿದ್ದರು, ಸ್ಕೇಟ್ ಪಾರ್ಕುಗಳಲ್ಲಿ ಇವರಿಬ್ಬರ ನಡುವೆ ಸದಾ ಕಿರಿಕಿರಿ ಇತ್ತು ಎಂಬುದು ನಿಜ. ಆದರೆ ಎಕ್ಸ್ ಗೇಮ್ಸ್ ವಾಹಿನಿಯೊಂದು ತನ್ನ ಪ್ರಸಾರಕ್ಕೆಂದೇ ಕಟ್ಟಿದ ಕೂಟ. ಅದರಲ್ಲಿ ಯಾರಿರಬೇಕೆಂದು ತೀರ್ಮಾನಿಸುತ್ತಿದ್ದದ್ದು ಪ್ರಸಾರದ ಲೆಕ್ಕಾಚಾರ. ಬಂಜೀ ಜಿಗಿತ, ಕಾಲಿಗೆ ಹಲಗೆ ಕಟ್ಟಿಕೊಂಡು ವಿಮಾನದಿಂದ ಧುಮುಕುವ ಸ್ಕೈ ಸರ್ಫಿಂಗ್, ಗಾಲಿಹಲಗೆಯ ಮೇಲೆ ಮಲಗಿ ಇಳಿಜಾರು ರಸ್ತೆಯಲ್ಲಿ ಜಾರುವ ಸ್ಟ್ರೀಟ್ ಲ್ಯೂಜ್ ಕೂಡ ಹೀಗೆಯೇ ಬಂದು ಹೀಗೆಯೇ ಹೋದವು, ಅವುಗಳ ವಿರುದ್ಧ ಯಾರೂ ಸಂಚು ಹೂಡಿರಲಿಲ್ಲ. 1999ರಲ್ಲಿ ಮೋಟೊಕ್ರಾಸ್ ಬೈಕುಗಳು ಒಳಗೆ ಬಂದವು. ಅದೇ ವರ್ಷ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಟೋನಿ ಹಾಕ್ ಸ್ಕೇಟ್‌ಬೋರ್ಡಿನ ಮೇಲೆ ಗಾಳಿಯಲ್ಲಿ ಎರಡೂವರೆ ಸುತ್ತು ತಿರುಗಿ ಇಳಿದರು. ಅವರ ಹೆಸರಿನ ವಿಡಿಯೋ ಗೇಮ್ ಬಂದದ್ದೂ ಆ ವರ್ಷವೇ. ಹೊಸದಾಗಿ ಏನಾದರೂ ಕಲಿಯಬೇಕೆಂದು ಹೊರಟ ಹನ್ನೆರಡು ವರ್ಷದ ಹುಡುಗನ ಕಣ್ಣಿಗೆ ಅಂಗಡಿಯಲ್ಲಿ ಬೋರ್ಡೇ ಮೊದಲು ಬೀಳುವಂತಾಯಿತು.

ನನ್ನ ಮಟ್ಟಿಗೆ ಇನ್ನೂ ದೊಡ್ಡ ಕಾರಣ ಬೇರೆ ಇದೆ. ಸ್ಕೇಟ್‌ಬೋರ್ಡಿಂಗ್ 1970ರ ದಶಕದ ಕೊನೆಗೆ ಒಮ್ಮೆ, 1990ರ ದಶಕದ ಆರಂಭದಲ್ಲಿ ಇನ್ನೊಮ್ಮೆ ನೆಲಕಚ್ಚಿತ್ತು. ಪಾರ್ಕುಗಳು ಮುಚ್ಚಿ, ದೊಡ್ಡ ಹಣ ಕೈಬಿಟ್ಟುಹೋದಾಗ ಆಟಗಾರರೇ ಸಣ್ಣ ಕಂಪನಿಗಳನ್ನು ಕಟ್ಟಿದರು, ತಮ್ಮ ಪತ್ರಿಕೆ ನಡೆಸಿದರು, ವಿಡಿಯೋ ಮಾಡಿ ಹಂಚಿದರು. ಟೀವಿ ಬಂದಾಗ ಅದನ್ನು ಬಳಸಿಕೊಳ್ಳುವುದಕ್ಕೂ, ಅದು ಹೋದರೆ ಉಸಿರಾಡುವುದಕ್ಕೂ ಅವರಿಗೆ ಗೊತ್ತಿತ್ತು. ಇನ್‌ಲೈನಿನ ಕಥೆ ತಿರುವುಮುರುವು: ವ್ಯಾಯಾಮಕ್ಕೆಂದು ಬೂಟು ಕೊಂಡ ಲಕ್ಷಾಂತರ ಜನರ ಮಾರುಕಟ್ಟೆ ಮೊದಲು ಬಂತು, ರ‍್ಯಾಂಪು ಹತ್ತುವ ಹುಡುಗರು ಅದರ ನೆರಳಿನಲ್ಲಿ ಬೆಳೆದರು. ಐಸನ್‌ಬರ್ಗ್ ಮತ್ತು ಗೆಳೆಯರು ಕಟ್ಟಿದ ‘ಸೆನೆಟ್’ನಂತಹ ಆಟಗಾರರದೇ ಕಂಪನಿಗಳು ಇದ್ದವಾದರೂ, ಹೊಸ ಶತಮಾನದ ಆರಂಭದಲ್ಲಿ ವ್ಯಾಯಾಮದ ಅಲೆ ಇಳಿದು ದೊಡ್ಡ ತಯಾರಕರು ಕೈ ಹಿಂದೆಗೆದಾಗ ಅಷ್ಟೂ ಭಾರ ಹೊರುವ ಶಕ್ತಿ ಅವಕ್ಕೆ ಬಂದಿರಲಿಲ್ಲ. ಅದೇ ಹೊತ್ತಿಗೆ ವಾಹಿನಿಯೂ ಕೈಬಿಟ್ಟಿತು. ಪ್ರಸಾರವಿಲ್ಲದ ಆಟಕ್ಕೆ ಪ್ರಾಯೋಜಕರಿಲ್ಲ, ಪ್ರಾಯೋಜಕರಿಲ್ಲದ ಆಟಗಾರ ಮೂವತ್ತರ ಹೊತ್ತಿಗೆ ಬೇರೆ ಕೆಲಸ ಹುಡುಕುತ್ತಾನೆ, ಅವನನ್ನು ನೋಡಿ ಕಲಿಯಬೇಕಾದವನು ಬರುವುದೇ ಇಲ್ಲ. ನಮ್ಮ ಲೇಖಕರು ‘ಆಸಕ್ತಿ ಕುಗ್ಗಿತು’ ಎಂದದ್ದರ ಹೆಚ್ಚಿನ ಪಾಲು 2005ರ ನಂತರದ ಈ ಸರಪಳಿಯದು.

ಇನ್ನು ಚಿತ್ರದ ಅಡಿಬರಹ. ‘ಸೋಲ್ ಗ್ರೈಂಡ್’ ಎಂದು ನಾವು ಹಾಕಿದ್ದನ್ನು ‘ಮಿಜೂ’ ಎಂದು ತಾವು ತಿದ್ದಿದ್ದೀರಿ. ಎರಡೂ ಕಂಬಿಯ ಮೇಲೆ ಬೂಟು ಉಜ್ಜುತ್ತಾ ಜಾರುವ ಪಟ್ಟುಗಳು. ಸಹೋದ್ಯೋಗಿಯೊಬ್ಬರ ಹಳೆಯ ಬೂಟುಗಳನ್ನು ತರಿಸಿ ಮೇಜಿನ ಮೇಲಿಟ್ಟು ನೋಡಿದೆ. ನಾಲ್ಕು ಗಾಲಿಗಳಲ್ಲಿ ನಡುವಿನ ಎರಡು ಚಿಕ್ಕವು, ನೆಲ ಮುಟ್ಟುವುದಿಲ್ಲ. ಅವುಗಳ ಮಧ್ಯೆ ಕಂಬಿ ಕೂರಲು ಒಂದು ಕಚ್ಚು. ಅಟ್ಟೆಯ ಹೊರ ಅಂಚಿನ ಪ್ಲಾಸ್ಟಿಕ್ಕು ಕಂಬಿಗೆ ಉಜ್ಜಿ ಉಜ್ಜಿ, ಹಳೆಯ ಚಪ್ಪಲಿಯ ಹಿಮ್ಮಡಿಯಂತೆ ಓರೆಯಾಗಿ ಸವೆದಿತ್ತು. ಮುಂದಿನ ಕಾಲಿನ ಕಚ್ಚು ಕಂಬಿಗೆ ಅಡ್ಡಲಾಗಿ ಕೂತು ಹಿಂದಿನ ಕಾಲು ಅಟ್ಟೆಯ ಅಂಚಿನ ಮೇಲೆ ಜಾರಿದರೆ ಸೋಲ್. ಕಾಲುಗಳ ಪಾತ್ರ ಅದಲುಬದಲಾದರೆ ಮಿಜೂ. ಪೇಪರ್‌ವೇಟಿನ ಪಕ್ಕದಲ್ಲಿ ಬೂಟುಗಳನ್ನು ಅತ್ತಿತ್ತ ಹೊರಳಿಸಿ, ಆಟಗಾರ ಯಾವ ಕಡೆಗೆ ಜಾರುತ್ತಿದ್ದಾನೆಂದು ಚಿತ್ರದಲ್ಲಿ ಪತ್ತೆಹಚ್ಚಿ, ತಾವೇ ಸರಿ ಎಂಬ ತೀರ್ಮಾನಕ್ಕೆ ಬರಲು ನನಗೆ ಹಿಡಿದದ್ದು ಇಪ್ಪತ್ತು ನಿಮಿಷ.

ಕಂಬಿಯ ಮೇಲೆ ಆಟಗಾರ ಇರುವುದು ಎರಡೋ ಮೂರೋ ಸೆಕೆಂಡು. ಬೋರ್ಡು ಕಾಲಿನಿಂದ ಕಳಚಿ, ಗಾಳಿಯಲ್ಲಿ ಮಗುಚಿ, ಮತ್ತೆ ಕಾಲಡಿಗೆ ಬಂದು ಸೇರುವುದನ್ನು ಆಟದ ಗಂಧಗಾಳಿ ಇಲ್ಲದವನೂ ಉಸಿರು ಬಿಗಿಹಿಡಿದು ನೋಡುತ್ತಾನೆ, ಯಾಕೆಂದರೆ ಅದು ಸೇರದೇ ಹೋಗಬಹುದು. ಗಾಲಿಗಳು ಕಾಲಿಗೇ ಕಟ್ಟಿಕೊಂಡಿರುವಾಗ ಆ ಅನಿಶ್ಚಿತತೆ ಕಣ್ಣಿಗೆ ಕಾಣುವುದಿಲ್ಲ. ಕಷ್ಟವೆಲ್ಲ ಪಾದದ ಕೋನದಲ್ಲಿ, ಸೊಂಟದ ತಿರುವಿನಲ್ಲಿ ಅಡಗಿರುತ್ತದೆ. ಇದು ಸುಲಭದ ಆಟ ಎಂಬ ಅಪವಾದ ಹುಟ್ಟಿದ್ದು ಇಲ್ಲಿ, ಮತ್ತು ಅದು ಅನ್ಯಾಯವೆಂಬ ತಮ್ಮ ಮಾತಿಗೆ ನನ್ನ ಪೂರ್ಣ ಸಹಮತವಿದೆ. ಎಕ್ಸ್ ಗೇಮ್ಸ್‌ನಲ್ಲಿ ವರ್ಟ್ ಚಿನ್ನ ಗೆದ್ದಿದ್ದ ಟಾಯಿಗ್ ಕ್ರಿಸ್ 2010ರಲ್ಲಿ ಐಫೆಲ್ ಗೋಪುರದ ಮೊದಲ ಅಂತಸ್ತಿನಿಂದ ರ‍್ಯಾಂಪಿನ ಮೇಲೆ ಜಿಗಿದಾಗ ಮಾತ್ರ ಜಗತ್ತು ತಿರುಗಿ ನೋಡಿತು, ಎತ್ತರ ಎಲ್ಲರಿಗೂ ಅರ್ಥವಾಗುತ್ತದಲ್ಲ.

ಒಲಿಂಪಿಕ್ಸ್ ವಿಷಯದಲ್ಲಿ ತಮ್ಮ ಭರವಸೆಯನ್ನು ಹಂಚಿಕೊಳ್ಳಲು ನನ್ನಿಂದಾಗದು. ಟೋಕಿಯೊ ಕ್ರೀಡಾಕೂಟದಿಂದ ಸ್ಕೇಟ್‌ಬೋರ್ಡಿಂಗ್ ಒಲಿಂಪಿಕ್ಸ್‌ನಲ್ಲಿದೆ, ಬಿಎಂಎಕ್ಸ್ ಫ್ರೀಸ್ಟೈಲ್ ಕೂಡ. ಸ್ಕೇಟ್‌ಬೋರ್ಡನ್ನು ಅಲ್ಲಿ ಪ್ರತಿನಿಧಿಸುವ ‘ವರ್ಲ್ಡ್ ಸ್ಕೇಟ್’ ಮೂಲತಃ ರೋಲರ್ ಕ್ರೀಡೆಗಳ ಅಂತರರಾಷ್ಟ್ರೀಯ ಒಕ್ಕೂಟವೇ. 2017ರಲ್ಲಿ ಸ್ಕೇಟ್‌ಬೋರ್ಡಿಂಗ್ ಒಕ್ಕೂಟ ಅದರೊಂದಿಗೆ ವಿಲೀನವಾಯಿತು. ಗಾಲಿಬೂಟಿನವರ ಮನೆಗೆ ಬಂದ ನೆಂಟ ಹಬ್ಬದೂಟಕ್ಕೆ ಹೋಗಿ, ಮನೆಯವರೇ ಹೊರಗುಳಿದಂತಾಯಿತು. ರೋಲರ್ ಕ್ರೀಡೆಗಳು ಒಲಿಂಪಿಕ್ಸ್‌ಗಾಗಿ ಹಲವು ಬಾರಿ ಕೋರಿಕೆ ಸಲ್ಲಿಸಿದ್ದು ಮುಖ್ಯವಾಗಿ ವೇಗದ ಸ್ಪರ್ಧೆಗಾಗಿ. 2018ರ ಬ್ಯೂನಸ್ ಐರಿಸ್ ಯುವ ಒಲಿಂಪಿಕ್ಸ್‌ನಲ್ಲಿ ಜಾಗ ಸಿಕ್ಕಿದ್ದೂ ವೇಗಕ್ಕೇ. ಸಾಹಸದ ಇನ್‌ಲೈನ್‌ಗೆ ಇನ್ನೂ ಬಾಗಿಲು ತೆರೆದಿಲ್ಲ. ತೆರೆದರೂ, ಇನ್ನೊಮ್ಮೆ ಬೇರೆಯವರ ಪಟ್ಟಿಯನ್ನೇ ನಂಬಿ ನಿಲ್ಲುವ ಸ್ಥಿತಿ ಬಾರದಿರಲಿ ಎಂದೇ ನನ್ನ ಆಸೆ. ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ನಲ್ಲಿ ಸ್ಕೇಟರ್‌ಗಳೇ ಸೇರುವ ‘ವಿಂಟರ್‌ಕ್ಲ್ಯಾಶ್’, ಫ್ರಾನ್ಸಿನ ಮಾಂಪೆಲಿಯೇಯಲ್ಲಿ ನಡೆಯುವ ‘ಫೀಸ್’ ಉತ್ಸವದ ರೋಲರ್ ಸ್ಪರ್ಧೆಗಳು ನನಗೆ ಅದಕ್ಕಿಂತ ಗಟ್ಟಿಯಾದ ನೆಲವಾಗಿ ಕಾಣುತ್ತವೆ. ಇವುಗಳ ಹೆಸರು ಕೂಡ ನಮ್ಮ ಲೇಖನದಲ್ಲಿ ಇರಲಿಲ್ಲ.

ಕಳೆದ ಸಂಚಿಕೆಯ ಚಿತ್ರದ ಅಡಿಬರಹದಲ್ಲಿ ‘ಸೋಲ್ ಗ್ರೈಂಡ್’ ಎಂದಿರುವುದನ್ನು ‘ಮಿಜೂ’ ಎಂದು ಓದಿಕೊಳ್ಳಬೇಕೆಂದು ಎಲ್ಲ ಓದುಗರಲ್ಲಿ ಕೋರುತ್ತೇನೆ.

– ಸಂಪಾದಕ