ಕಾಕಾನನ್ನು ಕೇಳಿ: ಹೊನ್ನಾವರಕ್ಕೆ ಒಂದೇ ದಿನ

(ಹುಬ್ಬಳ್ಳಿಯಿಂದ ಕರಾವಳಿಗೆ ಹೋಗುವ ಬಸ್ಸುಗಳಲ್ಲಿ 31 ವರ್ಷ ನಿರ್ವಾಹಕನಾಗಿದ್ದು ನಿವೃತ್ತನಾದವನು ನಾನು. ಊರು ಸುತ್ತುವ ಬಗ್ಗೆ ಏನೇ ಕೇಳಿ, ಗೊತ್ತಿದ್ದಷ್ಟು ಹೇಳುತ್ತೇನೆ. ಚಿಲ್ಲರೆ ಮಾತ್ರ ಕೇಳಬೇಡಿ.)

ಪ್ರಶ್ನೆ: ಕಾಕಾ ಅವರೇ, ದೀಪಾವಳಿ ಮುಗಿದ ಮೇಲೆ ನಾವು ಒಂಬತ್ತು ಮಂದಿ ಬಾಡಿಗೆ ಗಾಡಿ ಮಾಡಿಕೊಂಡು ಸಮುದ್ರದ ಕಡೆ ಹೊರಟಿದ್ದೇವೆ. ಅತ್ತೆಯವರಿಗೆ 72 ವರ್ಷ, ಮೊಣಕಾಲು ನೋವು. ಸಣ್ಣವನಿಗೆ ಆರು ವರ್ಷ. ನಮಗಿರುವುದು ಒಂದೇ ದಿನ. ಮರುದಿನ ನಮ್ಮವರು ಅಂಗಡಿ ತೆರೆಯಬೇಕು. ಗೋಕರ್ಣ, ಮಿರ್ಜಾನ್ ಕೋಟೆ, ಹೊನ್ನಾವರದಲ್ಲಿ ದೋಣಿ ವಿಹಾರ, ಇಡಗುಂಜಿ, ಮುರ್ಡೇಶ್ವರ ಎಂದು ಮೈದುನ ಪಟ್ಟಿ ಮಾಡಿದ್ದಾನೆ. ಆಗುತ್ತದೆಯೇ?
— ಗೃಹಿಣಿ, ಬೆಟಗೇರಿ

ಆಗುತ್ತದೆ ತಂಗಿ, ಐದೂ ಊರಿನ ಬೋರ್ಡು ಓದಿಕೊಂಡು ಬರಬಹುದು. ನಿಮ್ಮ ಮೈದುನ ಪಟ್ಟಿಯನ್ನು ಮೊಬೈಲಿನ ನಕ್ಷೆ ನೋಡಿ ಮಾಡಿದ್ದಾನೆ ಎಂದು ಕಾಣುತ್ತದೆ. ಆ ನಕ್ಷೆಗೆ ಅತ್ತೆಯೂ ಇಲ್ಲ, ಮೊಣಕಾಲೂ ಇಲ್ಲ. ಗದಗದಿಂದ ಹುಬ್ಬಳ್ಳಿ, ಕಲಘಟಗಿ, ಯಲ್ಲಾಪುರ, ಅರಬೈಲು ಘಟ್ಟ, ಅಂಕೋಲಾ, ಕುಮಟಾ ಹಾದು ಹೊನ್ನಾವರ ಮುಟ್ಟಲು ಹತ್ತಿರ ಹತ್ತಿರ 250 ಕಿಲೋಮೀಟರ್. ಬರುವುದೂ ಅಷ್ಟೇ. ಇರುವ ಒಂದು ದಿನದಲ್ಲಿ ಹತ್ತು ತಾಸಿಗೂ ಹೆಚ್ಚು ಗಾಡಿಯಲ್ಲೇ ಹೋಯಿತು. ಉಳಿದದ್ದನ್ನು ಐದು ಊರಿಗೆ ಹಂಚಿದರೆ ಒಂದೊಂದು ಊರಿಗೆ ಚಪ್ಪಲಿ ಬಿಟ್ಟು ಹಾಕಿಕೊಳ್ಳುವಷ್ಟು ಹೊತ್ತು ಸಿಗುತ್ತದೆ.

ಮಿರ್ಜಾನ್ ಮತ್ತು ಹೊನ್ನಾವರ ಇರಲಿ. ಮಿಕ್ಕ ಮೂರಕ್ಕೂ ಗೀಟು ಹೊಡೆಯಿರಿ. ದೇವರು ಎಲ್ಲಿಗೂ ಹೋಗುವುದಿಲ್ಲ, ಮುಂದಿನ ವರ್ಷ ಎರಡು ದಿನ ಬಿಡುವು ಮಾಡಿಕೊಂಡು ಹೋಗಿ.

ನಸುಕಿನ ನಾಲ್ಕಕ್ಕೆ ಬೆಟಗೇರಿ ಬಿಟ್ಟರೆ ಯಲ್ಲಾಪುರದಲ್ಲಿ ಚಹಾ ಕುಡಿದು ಒಂಬತ್ತರ ಸುಮಾರಿಗೆ ಮಿರ್ಜಾನಿನಲ್ಲಿರುತ್ತೀರಿ. ಕೋಟೆ ಹೆದ್ದಾರಿಯ ಹತ್ತಿರವೇ ಇದೆ, ಸುತ್ತು ಬಳಸು ಇಲ್ಲ. ಚಿರೇಕಲ್ಲಿನ ಗೋಡೆ, ಸುತ್ತಲೂ ಕಂದಕ, ಒಳಗೆ ಬಾವಿಗಳು. ಮಳೆಗಾಲದ ಪಾಚಿ ಇನ್ನೂ ಒಣಗಿರುವುದಿಲ್ಲವಾದ್ದರಿಂದ ದೀಪಾವಳಿಯ ಹೊತ್ತಿಗೆ ಇಡೀ ಕೋಟೆ ಹಸಿರು ಹೊದ್ದಿರುತ್ತದೆ. ನೋಡಲು ಚೆಂದ, ಕಾಲಿಡಲು ಮೋಸ. ಮೆಟ್ಟಿಲಿವೆ, ಅತ್ತೆಯವರು ಕೆಳಗೆ ನೆರಳಿನಲ್ಲಿ ಕುಳಿತಿರಲಿ, ಜೊತೆಗೆ ಯಾರಾದರೂ ಒಬ್ಬರು ಇರಲಿ. ಆ ಒಬ್ಬರು ನೀವೇ ಆಗಬೇಕಾಗಿಲ್ಲ, ಪಟ್ಟಿ ಮಾಡಿದವನೂ ಆಗಬಹುದು.

ಮಿರ್ಜಾನಿನ ಬಳಿ ನೀವು ದಾಟುವ ಹೊಳೆ ಅಘನಾಶಿನಿ. ಗದಗಿನವರಿಗೆ ಅದರ ಬಗ್ಗೆ ಒಂದು ಮಾತು ಹೇಳಲೇಬೇಕು. ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ 2024ರ ಜನವರಿಯಲ್ಲಿ ಕರ್ನಾಟಕದ ಮೂರು ತಾಣಗಳು ಒಟ್ಟಿಗೆ ಸೇರಿದವು. ಒಂದು ಈ ಅಘನಾಶಿನಿ ಸಮುದ್ರ ಸೇರುವ ಅಳಿವೆ, ಇನ್ನೊಂದು ಅಂಕಸಮುದ್ರ, ಮೂರನೆಯದು ನಿಮ್ಮದೇ ಜಿಲ್ಲೆಯ ಮಾಗಡಿ ಕೆರೆ. ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತು ಬಂದಿಳಿಯುವ ಕೆರೆ ಅದು. ಮನೆಯ ಪಕ್ಕದ ಮಾಗಡಿಗೆ ನೀವು ಎಷ್ಟು ಸಲ ಹೋಗಿದ್ದೀರಿ ಎಂದು ನಾನು ಕೇಳುವುದಿಲ್ಲ.

ಈಗ ಹೊನ್ನಾವರದ ಶರಾವತಿ ಹೊಳೆಯಲ್ಲಿ ದೋಣಿಯ ಮಾತು. ಎಲ್ಲರೂ ದರ ಎಷ್ಟು ಎಂದು ಕೇಳುತ್ತಾರೆ, ಉಬ್ಬರ ಎಷ್ಟು ಹೊತ್ತಿಗೆ ಎಂದು ಯಾರೂ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ. ನಿವೃತ್ತನಾದ ವರ್ಷ ಹೆಂಡತಿಯನ್ನು ಕರೆದುಕೊಂಡು ಅದೇ ಕಡೆ ಒಂದು ದೋಣಿ ಹತ್ತಿದೆ. ಇಳಿತದ ಹೊತ್ತು. ಕಟ್ಟೆಯಿಂದ ಮೊಳಕಾಲುದ್ದ ಕೆಳಗಿತ್ತು ದೋಣಿ, ಜಿಗಿದೇ ಇಳಿದೆವು. ಕಾಂಡ್ಲಾ ಗಿಡಗಳ (ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಮ್ಯಾಂಗ್ರೋವ್) ನಡುವಿನ ಕಿರುಗಾಲುವೆಗೆ ನುಗ್ಗಿದ್ದೇ ತಡ, ಅಡಿ ಕೆಸರಿಗೆ ಕಚ್ಚಿಕೊಂಡು ದೋಣಿ ನಿಂತುಬಿಟ್ಟಿತು. ದೋಣಿಯವನು ಲುಂಗಿ ಮೇಲಕ್ಕೆ ಕಟ್ಟಿ ಇಳಿದು ಗಳ ಹಾಕಿ ಮೀಟಿದ. ಅಲುಗಲಿಲ್ಲ. "ನೀವೂ ಇಳಿದು ಒಂದು ಕೈ ಹಚ್ಚಿ" ಎಂದ ನನಗೆ. ನಾನು ಇಳಿದೆ, ಭಾರ ಕಡಿಮೆಯಾಗಲಿ ಎಂದು ಹೆಂಡತಿಯೂ ಇಳಿದಳು. ಅವಳ ಒಂದು ಚಪ್ಪಲಿಯನ್ನು ಶರಾವತಿಯ ಕೆಸರು ಇವತ್ತಿಗೂ ಕೊಟ್ಟಿಲ್ಲ. ನೀರು ಏರುವವರೆಗೆ ಒಂದೂವರೆ ತಾಸು ಕಾದೆವು. "31 ವರ್ಷ ಬಸ್ ತಳ್ಳಿದ್ದು ಸಾಲಲಿಲ್ಲವೇ?" ಎಂದು ಅವಳು ಕೇಳಿದ್ದು ಅಲ್ಲಿಯೇ.

ಸಮುದ್ರದ ನೀರು ದಿನಕ್ಕೆ ಎರಡು ಬಾರಿ ಏರುತ್ತದೆ, ಎರಡು ಬಾರಿ ಇಳಿಯುತ್ತದೆ. ಏರಿದ ನೀರು ಪೂರ್ತಿ ಇಳಿಯಲು ಆರು ತಾಸು ಹಿಡಿಯುತ್ತದೆ. ಹೊತ್ತು ದಿನದಿನವೂ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಇವತ್ತು ಹನ್ನೆರಡಕ್ಕೆ ಉಬ್ಬರವಿದ್ದರೆ ನಾಳೆ ಒಂದಕ್ಕೆ ಹತ್ತು ನಿಮಿಷವಿರುವಾಗ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಏರುವುದೂ ಹೆಚ್ಚು, ಇಳಿಯುವುದೂ ಹೆಚ್ಚು. ಬಲಿಪಾಡ್ಯದ ಮರುದಿನ ಹೊರಟರೆ ಅಮಾವಾಸ್ಯೆಯ ಜೋರು ಇನ್ನೂ ಇರುತ್ತದೆ, ನೆನಪಿರಲಿ. ದೋಣಿಯವರಿಗೆ ಹಿಂದಿನ ದಿನವೇ ಫೋನು ಮಾಡಿ, "ನಾಳೆ ಹನ್ನೆರಡರಿಂದ ಮೂರರ ಒಳಗೆ ನೀರು ಯಾವಾಗ ತುಂಬಿರುತ್ತದೆ?" ಎಂದು ಕೇಳಿ. ಅವರಿಗೆ ಅದು ಬಾಯಿಪಾಠ. ನೀರು ತುಂಬಿದ್ದಾಗ ದೋಣಿ ಕಟ್ಟೆಯ ಸಮಕ್ಕೆ ಏರಿ ನಿಲ್ಲುತ್ತದೆ, ಅತ್ತೆಯವರು ಹೊಸ್ತಿಲು ದಾಟಿದ ಹಾಗೆ ಒಳಗೆ ಹೋಗಬಹುದು. ಮೊಣಕಾಲಿಗೆ ಇದಕ್ಕಿಂತ ಒಳ್ಳೆಯ ಔಷಧ ನನಗೆ ಗೊತ್ತಿಲ್ಲ. ಮೇಲೆ ಚಪ್ಪರವಿರುವ ದೋಣಿಯನ್ನೇ ಕೇಳಿ, ನಡು ಮಧ್ಯಾಹ್ನದ ಬಿಸಿಲು ನೀರಿನಿಂದಲೂ ಹೊಡೆಯುತ್ತದೆ.

ದೋಣಿಯಲ್ಲಿ ಏನು ನೋಡುವುದು? ಸಣ್ಣವನಿಗೆ ಕಾಂಡ್ಲಾ ಗಿಡ ತೋರಿಸಿ. ಬೇರುಗಳು ಕಾಲೂರಿ ನಿಂತ ಹಾಗೆ ನೀರಿನ ಮೇಲೆ ಕಾಣುತ್ತವೆ. ಕೆಸರಿನೊಳಗೆ ಗಾಳಿ ಇಲ್ಲದ್ದರಿಂದ ಅವು ಉಸಿರಾಡುವುದು ಹೊರಗಿನಿಂದ. ಕೆಲವು ಜಾತಿಗಳಲ್ಲಿ ಬೀಜ ಮರದ ಮೇಲೆಯೇ ಮೊಳೆತು ನುಗ್ಗೆಕಾಯಿಯಂತೆ ಉದ್ದಕ್ಕೆ ಜೋತುಬಿದ್ದಿರುತ್ತದೆ. ಇಳಿತದಲ್ಲಿ ಉದುರಿದರೆ ಕೆಳಗಿನ ಕೆಸರಿಗೆ ನೆಟ್ಟಗೆ ನಾಟಿಕೊಳ್ಳುತ್ತದೆ, ಉಬ್ಬರದಲ್ಲಿ ಉದುರಿದರೆ ತೇಲಿಕೊಂಡು ಬೇರೆ ದಡ ಹುಡುಕುತ್ತದೆ. ಗರುಡ, ಮಿಂಚುಳ್ಳಿ ಕಂಡೇ ಕಾಣುತ್ತವೆ. ಕೊಂಕಣ ರೈಲಿನ ಸೇತುವೆಯೂ ಇದೆ, ಎರಡು ಕಿಲೋಮೀಟರಿಗೂ ಉದ್ದ. ಆ ಮಾರ್ಗದಲ್ಲಿ ಅದಕ್ಕಿಂತ ಉದ್ದದ ಸೇತುವೆ ಇಲ್ಲ. ಜೋಗದಲ್ಲಿ 253 ಮೀಟರ್ ಕೆಳಗೆ ಧುಮುಕುವ ಶರಾವತಿಯೇ ಇದು ಎಂದರೆ ಹುಡುಗ ನಂಬುವುದಿಲ್ಲ. ಇಲ್ಲಿ ಅದು ಅಷ್ಟು ಮೆತ್ತಗೆ ಮಲಗಿರುತ್ತದೆ. ದೋಣಿ ಇಳಿದ ಮೇಲೆ ಹೊತ್ತು ಉಳಿದರೆ, ಕಾಂಡ್ಲಾ ಕಾಡಿನೊಳಗೆ ಅರಣ್ಯ ಇಲಾಖೆಯವರು ಮಾಡಿರುವ ಹಲಗೆಯ ನಡಿಗೆದಾರಿಗೆ ಹೋಗಿ. ಅದು ಸಮತಟ್ಟಾಗಿದೆ, ಅತ್ತೆಯವರೂ ನಡೆಯಬಹುದು.

ಊಟಕ್ಕೆ ಬುತ್ತಿ ಕಟ್ಟಿಕೊಳ್ಳಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಕೆಡುವಂಥದ್ದಲ್ಲ. ಆದರೆ ಕರಾವಳಿಯ ಗಾಳಿಗೆ ಖಡಕ್ ರೊಟ್ಟಿ ಎರಡೇ ತಾಸಿನಲ್ಲಿ ಮೆತ್ತಗಾಗುತ್ತದೆ, ಡಬ್ಬಿಯ ಮುಚ್ಚಳ ಬಿಗಿಯಾಗಿರಲಿ.

ಮೂರೂವರೆಗೆಲ್ಲ ಹೊನ್ನಾವರ ಬಿಡಿ. ಸೂರ್ಯಾಸ್ತ ನೋಡಿಕೊಂಡೇ ಹೋಗೋಣ ಎಂದು ಯಾರಾದರೂ ಒಬ್ಬರು ಹಟ ಹಿಡಿದೇ ಹಿಡಿಯುತ್ತಾರೆ. ಅರಬೈಲು ಘಟ್ಟದಲ್ಲಿ ಲಾರಿಗಳ ಸಾಲಿನ ಹಿಂದೆ ಕತ್ತಲಲ್ಲಿ ಏರುವುದೇನೆಂದು ಅವರಿಗೆ ಗೊತ್ತಿಲ್ಲ. ಗದಗಿನಲ್ಲಿಯೂ ಸೂರ್ಯ ಮುಳುಗುತ್ತಾನೆ.

ಪ್ರಶ್ನೆ: ಹೊನ್ನಾವರದ ಕಡೆ ಹೋದಾಗಲೆಲ್ಲ "ಮೆಣಸಿನ ರಾಣಿ" ಎಂಬ ಹೆಸರು ಕೇಳುತ್ತೇನೆ. ನಾನು ಮೆಣಸಿನಕಾಯಿ ವ್ಯಾಪಾರಿ. ಆ ರಾಣಿಗೂ ನಮ್ಮ ಬ್ಯಾಡಗಿಗೂ ಏನಾದರೂ ಸಂಬಂಧವಿದೆಯೇ?
— ವರ್ತಕರು, ಬ್ಯಾಡಗಿ

ಸಾಹುಕಾರರೇ, ಸಂಬಂಧ ಹೆಸರಿನದು ಮಾತ್ರ. ಆದರೆ ಆ ಹೆಸರಿನಲ್ಲೇ ಕಥೆಯಿದೆ.

ಆಕೆ ಗೇರುಸೊಪ್ಪೆಯ ಚೆನ್ನಭೈರಾದೇವಿ. ಸಾಳುವ ವಂಶದ ಜೈನ ರಾಣಿ. 1552ರಿಂದ 1606ರವರೆಗೆ, 54 ವರ್ಷ ಆಳಿದಳು ಎಂದು ಹೇಳುತ್ತಾರೆ. ಪೋರ್ಚುಗೀಸರು ಆಕೆಯನ್ನು "ರೈನಾ ದ ಪಿಮೆಂಟಾ" ಎಂದು ಕರೆದರು, ಎಂದರೆ ಕಾಳುಮೆಣಸಿನ ರಾಣಿ. ಘಟ್ಟದ ಕಾಳುಮೆಣಸು ಆಕೆಯ ಬಂದರುಗಳಿಂದ ಹಡಗು ಹತ್ತುತ್ತಿತ್ತು, ಅದಕ್ಕಾಗಿಯೇ ಪೋರ್ಚುಗೀಸರೊಂದಿಗೆ ಒಮ್ಮೆ ವ್ಯಾಪಾರ, ಒಮ್ಮೆ ಜಗಳ. ಕೊನೆಗೆ ಆಕೆಯನ್ನು ಸೋಲಿಸಿದವರು ಮಾತ್ರ ಅವರಲ್ಲ, ಕೆಳದಿಯ ವೆಂಕಟಪ್ಪ ನಾಯಕ. ಗೇರುಸೊಪ್ಪೆಯ ಚತುರ್ಮುಖ ಬಸದಿ ಇವತ್ತಿಗೂ ನಿಂತಿದೆ. ಮಿರ್ಜಾನ್ ಕೋಟೆಯನ್ನೂ ಆಕೆಯೇ ಕಟ್ಟಿಸಿದಳು ಎನ್ನುವವರು ಆ ಕಡೆ ಹೆಚ್ಚು. ಅದಕ್ಕೆ ಬೇರೆ ಹೆಸರು ಹೇಳುವವರೂ ಇದ್ದಾರೆ.

ನಿಮ್ಮ ಸರಕು ಆಗಿನ್ನೂ ಹೊಸಬ. ಮೆಣಸಿನಕಾಯಿಯ ಹುಟ್ಟೂರು ಅಮೆರಿಕ ಖಂಡ, ನಮ್ಮ ಕಡೆಗೆ ಅದನ್ನು ತಂದವರು ಇದೇ ಪೋರ್ಚುಗೀಸರು. ಖಾರಕ್ಕೆ ನಮ್ಮವರು ಹೆಚ್ಚಾಗಿ ನೆಚ್ಚಿದ್ದು ಮೆಣಸನ್ನು. ಹೊಸ ಕಾಯಿಯೂ ಹಾಗೆಯೇ ಖಾರ ಕಂಡಿತು, ಮೆಣಸಿನ ಕಾಯಿ ಎಂದರು. ಅಲ್ಲಿಗೆ ಹಳೆಯ ಮೆಣಸು ತನ್ನ ಗುರುತಿಗೆ "ಕಾಳು" ಎಂದೋ "ಕರಿ" ಎಂದೋ ಸೇರಿಸಿಕೊಳ್ಳಬೇಕಾಯಿತು. ಈಗ ನೋಡಿ, 2011ರಲ್ಲಿ ಭೌಗೋಳಿಕ ಗುರುತು ಪಡೆದು ನಿಮ್ಮ ಕಾಯಿ ಬ್ಯಾಡಗಿಯದೇ ಆಗಿಬಿಟ್ಟಿದೆ. ಹೊರಗಿನಿಂದ ಬಂದದ್ದು ಎಂದು ಮಾರುಕಟ್ಟೆಯಲ್ಲಿ ಹೇಳಬೇಡಿ, ದರ ಇಳಿದೀತು.

ಇನ್ನೊಂದು. ಹೊನ್ನಾವರದ ಹಳಮೆ ರಾಣಿಯಿಂದ ಶುರುವಾದದ್ದಲ್ಲ. 14ನೇ ಶತಮಾನದಲ್ಲಿ ಅಲ್ಲಿಗೆ ಬಂದ ಇಬ್ನ್ ಬತೂತ ಎಂಬ ಮೊರಾಕ್ಕೊ ದೇಶದ ಪ್ರವಾಸಿ, ಆ ಊರಿನಲ್ಲಿ ಹುಡುಗಿಯರಿಗೆ 13 ಮತ್ತು ಹುಡುಗರಿಗೆ 23 ಶಾಲೆಗಳನ್ನು ಕಂಡೆನೆಂದು ಬರೆದಿಟ್ಟಿದ್ದಾನೆ. ಕೋಟೆ ಕೊತ್ತಲಗಳ ಲೆಕ್ಕ ಹಾಕುವ ಪ್ರವಾಸಿಗರು ಬಹಳ. ಹೆಣ್ಣುಮಕ್ಕಳ ಶಾಲೆ ಎಣಿಸಿದವನು ಎಂದು ಆತನ ಮೇಲೆ ನನಗೆ ಅಭಿಮಾನ.

ಪ್ರಶ್ನೆ: ನನಗೆ ಚೆನ್ನಾಗಿ ಈಜು ಬರುತ್ತದೆ. ಹಿನ್ನೀರಿನಲ್ಲಿ ಲೈಫ್ ಜಾಕೆಟ್ ಹಾಕಲೇಬೇಕೇ? ಫೋಟೊ ಚೆನ್ನಾಗಿ ಬರುವುದಿಲ್ಲ.
— ವಿದ್ಯಾರ್ಥಿ, ಧಾರವಾಡ

ಹಾಕಬೇಕು ತಮ್ಮಾ. ನೀನು ಈಜು ಕಲಿತದ್ದು ನಿಂತ ನೀರಿನಲ್ಲಿ. ಅಳಿವೆಯ ನೀರು ಇಳಿತದಲ್ಲಿ ಸಮುದ್ರದ ಕಡೆ ಎಳೆಯುತ್ತದೆ, ಮೇಲೆ ನೋಡಿದರೆ ಗೊತ್ತೇ ಆಗುವುದಿಲ್ಲ. ಕೊಟ್ಟ ಜಾಕೆಟ್ ಹಾಕಿಕೊಂಡರಷ್ಟೇ ಸಾಲದು, ಅದರ ಗುಂಡಿ ಪಟ್ಟಿಗಳು ಸರಿಯಿವೆಯೇ ಎಂದು ಎಳೆದು ನೋಡು. ಹರಿದದ್ದು ಕೊಟ್ಟರೆ ಆ ದೋಣಿ ಬಿಡು, ಪಕ್ಕದಲ್ಲಿ ಇನ್ನೊಂದು ಇರುತ್ತದೆ. ಫೋಟೊದಲ್ಲಿ ಕಿತ್ತಳೆ ಬಣ್ಣ ಎದ್ದು ಕಾಣುತ್ತದೆ, ಚಿಂತಿಸಬೇಡ.

ಪ್ರಶ್ನೆ: ಘಟ್ಟ ಶುರುವಾದ ಕೂಡಲೇ ನನ್ನ ಮಗಳಿಗೆ ವಾಂತಿ. ಏನಾದರೂ ಉಪಾಯ?
— ತಾಯಿ, ಹಾವೇರಿ

ಇದರಲ್ಲಿ ನನಗೆ ಡಾಕ್ಟರೇಟ್ ಸಿಗಬೇಕಿತ್ತು. ಮುಂದಿನ ಸೀಟಿನಲ್ಲಿ ಕೂರಿಸಿ, ರಸ್ತೆಯನ್ನೇ ದೂರಕ್ಕೆ ನೋಡಲಿ. ಮೊಬೈಲ್ ಕಸಿದುಕೊಳ್ಳಿ, ತಿರುವಿನಲ್ಲಿ ಮೊಬೈಲ್ ನೋಡಿದವರು ಯಾರೂ ಉಳಿದಿಲ್ಲ. ಹೊಟ್ಟೆ ಪೂರ್ತಿ ಖಾಲಿಯೂ ಬೇಡ, ಪೂರಿ ಬಾಜಿಯೂ ಬೇಡ. ಮೂಸಲು ಒಂದು ನಿಂಬೆಹಣ್ಣು. ಅದಕ್ಕೂ ಬಗ್ಗದಿದ್ದರೆ ಹೊರಡುವ ಮೊದಲೇ ವೈದ್ಯರನ್ನು ಕೇಳಿ ಗುಳಿಗೆ ಕೊಡಿಸಿ. ಪ್ಲಾಸ್ಟಿಕ್ ಚೀಲ ಕೈಯಲ್ಲಿರಲಿ, ಬ್ಯಾಗಿನ ತಳದಲ್ಲಿ ಅಲ್ಲ.

ಪ್ರಶ್ನೆ: ಅಷ್ಟು ದೂರ ಹೋಗುವ ಶಕ್ತಿ ಈಗಿಲ್ಲ. ನಮ್ಮ ಹತ್ತಿರದಲ್ಲೇ ಹೊಳೆ ದಂಡೆಯ ಹಳೆಯ ಊರು ಯಾವುದಾದರೂ ಇದೆಯೇ?
— ನಿವೃತ್ತ ಶಿಕ್ಷಕರು, ರಾಣೆಬೆನ್ನೂರು

ಗುರುಗಳೇ, ನಿಮ್ಮ ತಾಲೂಕಿನಲ್ಲೇ ಚೌಡಯ್ಯದಾನಪುರವಿದೆಯಲ್ಲ! ತುಂಗಭದ್ರೆಯ ದಂಡೆಯ ಮುಕ್ತೇಶ್ವರ ಗುಡಿ, ಅಂಬಿಗರ ಚೌಡಯ್ಯನ ನೆಲ. ಹಾಗೆಯೇ ವರದೆ ತುಂಗಭದ್ರೆಯನ್ನು ಸೇರುವಲ್ಲಿ ಗಳಗನಾಥ. ಸಂಜೆ ನಾಲ್ಕಕ್ಕೆ ಹೋಗಿ, ಕಲ್ಲು ಆರಿರುತ್ತದೆ, ಕೂರಬಹುದು.

ಪ್ರಶ್ನೆ: ಹುಬ್ಬಳ್ಳಿಯಿಂದ ಹೊನ್ನಾವರಕ್ಕೆ ಬಸ್ಸಿನಲ್ಲಿ ಹೋಗುವಾಗ ಸಮುದ್ರ ಕಾಣಬೇಕಾದರೆ ಯಾವ ಬದಿಯಲ್ಲಿ ಕೂರಬೇಕು?
— ಓದುಗ, ಹಳೇ ಹುಬ್ಬಳ್ಳಿ

ಅಂಕೋಲಾದ ನಂತರ ಬಲಬದಿ. ಆದರೆ ಸಮುದ್ರಕ್ಕಿಂತ ಹೊಳೆಗಳೇ ಹೆಚ್ಚು ಕಾಣುತ್ತವೆ: ಮೊದಲು ಗಂಗಾವಳಿ, ಆಮೇಲೆ ಅಘನಾಶಿನಿ. ಮೂರನೆಯದಾದ ಶರಾವತಿಯ ಸೇತುವೆ ಹೊನ್ನಾವರ ಊರು ದಾಟಿದ ಮೇಲೆ ಸಿಗುತ್ತದೆ, ಹೊನ್ನಾವರದಲ್ಲಿ ಇಳಿದವರಿಗೆ ಅದು ತಪ್ಪುತ್ತದೆ. ಅದಕ್ಕೇ ನೀವು ಭಟ್ಕಳಕ್ಕೆ ಹೋಗುವ ಬಸ್ ಹಿಡಿದು ಕಾಸರಕೋಡಿಗೆ ಟಿಕೆಟ್ ಕೇಳಿ. ಕೇರಳದ ಕಾಸರಗೋಡಲ್ಲ, ಇದು ಸೇತುವೆಯ ಆಚೆ ದಡದ್ದು. ನಿರ್ವಾಹಕ ಹೊಸಬನಾಗಿದ್ದರೆ ಎರಡು ಸಲ ಹೇಳಿ.