ಮಿಡತೆಗಳು ತಿಂದದ್ದು ಏನನ್ನು?

ಪ್ರಿಯರೇ,

ಅಮೆರಿಕದ ನೆಬ್ರಾಸ್ಕ ಹುಲ್ಲುಗಾವಲಿನಲ್ಲಿ ವಲಸೆ ಕುಟುಂಬಗಳು ಬೇಸಾಯ ಹೂಡಿದ ಬಗೆಯನ್ನು ಕುರಿತ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಭಾಷೆ ಶುದ್ಧವಾಗಿದೆ, 1874ರ ಮಿಡತೆ ದಾಳಿಯ ಭಾಗದಲ್ಲಿ ವೇಗವಿದೆ. ಆದರೂ ಆ ನಷ್ಟ ನನ್ನನ್ನು ತಟ್ಟಲಿಲ್ಲ. ಕಾರಣ ನಿಮ್ಮ ಮೂರನೆಯ ಪ್ಯಾರಾದಲ್ಲಿದೆ.

‘ಖಾಲಿ ನೆಲ ಅವರಿಗಾಗಿ ಕಾದಿತ್ತು’ ಎಂದು ಅದನ್ನು ಆರಂಭಿಸಿದ್ದೀರಿ. ಅದು ಖಾಲಿ ನೆಲವಲ್ಲ. ಅಲ್ಲಿನ ಮೂಲನಿವಾಸಿಗಳಾದ ಒಮಾಹಾ, ಓಟೋ ಜನರು 1854ರಲ್ಲಿ, ಪಾನೀ ಜನರು 1857ರಲ್ಲಿ ಒಪ್ಪಂದಗಳ ಮೂಲಕ ತಮ್ಮ ನೆಲದ ಬಹುಭಾಗವನ್ನು ಬಿಟ್ಟುಕೊಡಬೇಕಾಯಿತು. ಅದರ ನಂತರವೇ 1862ರ ಹೋಮ್‌ಸ್ಟೆಡ್ ಕಾಯ್ದೆಯು ಐದು ವರ್ಷ ಅಲ್ಲೇ ನೆಲೆಸಿ ಸಾಗುವಳಿ ಮಾಡುವವರಿಗೆ 160 ಎಕರೆ ಕೊಡಲು ಮುಂದಾಯಿತು.

ಮುಂದಿನ ಸಾಲು: ‘ಕಷ್ಟಪಟ್ಟು ಹುಲ್ಲಿನ ಮನೆ ಕಟ್ಟಿಕೊಂಡರು.’ ಓದುಗರ ಕಣ್ಣಿಗೆ ಇಲ್ಲಿ ನಮ್ಮ ಸೋಗೆಯ ಗುಡಿಸಲು ಬರುತ್ತದೆ. ಅವರು ಕಟ್ಟಿದ್ದು ಮಣ್ಣಿನ ಹೆಂಟೆಯ ಮನೆ. ಮರ ವಿರಳವಾದ ಆ ಬಯಲಿನಲ್ಲಿ ಹುಲ್ಲಿನ ಬೇರುಗಳು ಮಣ್ಣನ್ನು ಚಾಪೆಯಂತೆ ಹೆಣೆದಿದ್ದವು. ಅದನ್ನು ನೇಗಿಲಿನಿಂದ ಸುಮಾರು ಒಂದಡಿ ಅಗಲದ ಪಟ್ಟಿಗಳಾಗಿ ಸೀಳಿ, ಸಲಿಕೆಯಿಂದ ತುಂಡರಿಸಿ, ಹುಲ್ಲಿನ ಮುಖ ಕೆಳಗಾಗುವಂತೆ ಇಟ್ಟಿಗೆಯ ಹಾಗೆ ಪೇರಿಸುತ್ತಿದ್ದರು. ಗೋಡೆ ಎರಡು ಮೂರು ಅಡಿ ದಪ್ಪ. ಮಳೆ ನಿಂತ ಮೇಲೂ ಸೂರು ತೊಟ್ಟಿಕ್ಕುತ್ತಿತ್ತು. ಅಡುಗೆಯ ಮೇಲೆ ಮಣ್ಣು ಉದುರದಂತೆ ಒಳಗೆ ಬಟ್ಟೆ ಕಟ್ಟುತ್ತಿದ್ದರು.

‘ಮೊದಲ ವರ್ಷವೇ ಪೈರು ನಳನಳಿಸಿತು’ ಎನ್ನುತ್ತೀರಿ. ಹೊಸದಾಗಿ ಮಗುಚಿದ ಹೆಂಟೆ ಅಷ್ಟು ಬೇಗ ಪುಡಿಯಾಗುವುದಿಲ್ಲ. ಅದಕ್ಕೆ ಕೊಡಲಿಯಿಂದ ಕಚ್ಚು ಹಾಕಿ, ಸಂದಿಯಲ್ಲಿ ಮುಸುಕಿನ ಜೋಳದ ಕಾಳು ಬಿಟ್ಟು, ಕಾಲಿನಿಂದ ತುಳಿದು ಮುಚ್ಚುತ್ತಿದ್ದರು. ಒಂದೊಂದು ಕಾಳಿಗೂ ಒಂದು ಕೊಡಲಿ ಏಟು ಎಂಬುದನ್ನು ಕಂಡಿದ್ದರೆ, ಮಿಡತೆಗಳು ತಿಂದದ್ದು ಏನನ್ನು ಎಂದು ನನಗೆ ತಿಳಿಯುತ್ತಿತ್ತು.

ನಾನು ಉಪಸಂಪಾದಕನಾಗಿ ಸೇರಿದ ಹೊಸತರಲ್ಲಿ ಬಾವಿ ತೋಡುವವರ ಬಗ್ಗೆ ಬರೆದ ಲೇಖನದಲ್ಲಿ ‘ಕಷ್ಟಪಟ್ಟು’ ಎಂಬ ಮಾತು ನಾಲ್ಕು ಕಡೆ ಇತ್ತು. ಹಿರಿಯ ಸಂಪಾದಕರು ನಾಲ್ಕನ್ನೂ ಕೆಂಪು ಶಾಯಿಯಲ್ಲಿ ಸುತ್ತಿ, ‘ಮಣ್ಣನ್ನು ಮೇಲಕ್ಕೆಳೆದವರು ಯಾರು?’ ಎಂದು ಅಂಚಿನಲ್ಲಿ ಕೇಳಿದ್ದರು. ನನ್ನಲ್ಲಿ ಉತ್ತರವಿರಲಿಲ್ಲ. ಮರುದಿನ ಹೋಗಿ ನೋಡಿದರೆ, ತೋಡುವವನ ಹೆಂಡತಿ ಅಂಗೈಗೆ ಹಳೆಯ ಸೀರೆಯ ತುಂಡು ಸುತ್ತಿಕೊಂಡು ಹಗ್ಗ ಎಳೆಯುತ್ತಿದ್ದಳು. ನನ್ನ ಒಂದು ವಾಕ್ಯದಲ್ಲೂ ಅವಳು ಇರಲಿಲ್ಲ. ನಿಮ್ಮ ಲೇಖನದಲ್ಲೂ ಹೆಂಗಸರಿಲ್ಲ. ಆದರೆ ಅವಿವಾಹಿತೆಯರೂ ವಿಧವೆಯರೂ ಹೋಮ್‌ಸ್ಟೆಡ್ ಕಾಯ್ದೆಯಡಿ ತಮ್ಮದೇ ಹೆಸರಿನಲ್ಲಿ ಜಮೀನು ಪಡೆಯಬಹುದಿತ್ತು.

ಆ ಪ್ಯಾರಾವನ್ನು ಮಾತ್ರ ಮತ್ತೆ ಬರೆದು ಕಳುಹಿಸಿ. ಅದು ಎರಡು ಪುಟವಾದರೂ ಜಾಗ ಮಾಡಿಕೊಡುತ್ತೇನೆ.