ಮಡಿಕೇರಿಯಲ್ಲಿ ಸಂಚಾರ ಕ್ಯಾಮೆರಾ ಹಾಕಿದರೆ ದಂಡದ ಹಣ ನಗರಸಭೆಗೆ ಸೇರುತ್ತದೆಯೇ?

ಇಲ್ಲ. ಮೋಟಾರು ವಾಹನ ಕಾಯ್ದೆ, 1988ರಡಿ ಪೊಲೀಸರು ವಸೂಲು ಮಾಡುವ ದಂಡ ರಾಜ್ಯ ಸರ್ಕಾರದ ಖಜಾನೆಗೆ ಜಮೆಯಾಗುತ್ತದೆ. ಮಡಿಕೇರಿ ನಗರಸಭೆಯ ಸ್ವಂತ ಆದಾಯವೆಂದರೆ ಆಸ್ತಿ ತೆರಿಗೆ, ನೀರಿನ ಶುಲ್ಕ, ವ್ಯಾಪಾರ ಪರವಾನಗಿ ಮುಂತಾದವು. ಕ್ಯಾಮೆರಾ ದಂಡ ಆ ಲೆಕ್ಕದಲ್ಲಿ ಬರುವುದಿಲ್ಲ. ಷಿಕಾಗೊದಂಥ ಅಮೆರಿಕದ ನಗರಗಳಲ್ಲಿ ಕ್ಯಾಮೆರಾ ದಂಡ ನೇರವಾಗಿ ನಗರಾಡಳಿತಕ್ಕೇ ಹೋಗುವುದರಿಂದ, ‘ಇದು ಸುರಕ್ಷತೆಗೋ ಆದಾಯಕ್ಕೋ’ ಎಂಬ ವಾದ ಅಲ್ಲಿ ಜೋರಾಗಿದೆ. ಆ ವಾದವನ್ನು ಯಥಾವತ್ತಾಗಿ ಇಲ್ಲಿಗೆ ತರುವುದು ಸರಿಯಲ್ಲ.

ಕ್ಯಾಮೆರಾಗಳಿಗೆ ಕಾನೂನಿನ ಆಧಾರ ಒದಗಿಸಿದ್ದು ಅದೇ ಕಾಯ್ದೆಗೆ 2019ರ ತಿದ್ದುಪಡಿಯಿಂದ ಸೇರಿದ 136ಎ ಕಲಂ ಮತ್ತು ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 2021ರಲ್ಲಿ ಬಂದ 167ಎ ನಿಯಮ. ಹತ್ತು ಲಕ್ಷಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳ ಪ್ರಮುಖ ವೃತ್ತಗಳ ಜೊತೆಗೆ, ಅಪಾಯ ಹೆಚ್ಚಿರುವ ರಾಷ್ಟ್ರೀಯ ಮತ್ತು ರಾಜ್ಯ ಹೆದ್ದಾರಿಗಳಲ್ಲೂ ಇವನ್ನು ಅಳವಡಿಸಬೇಕೆಂದು ಆ ನಿಯಮ ಹೇಳುವುದರಿಂದ, 2011ರ ಜನಗಣತಿಯಲ್ಲಿ ಇಡೀ ಜಿಲ್ಲೆಯ ಜನಸಂಖ್ಯೆಯೇ ಸುಮಾರು 5.54 ಲಕ್ಷವಿದ್ದ ಕೊಡಗಿಗೆ ಅನ್ವಯಿಸುವುದು ಎರಡನೆಯ ಭಾಗ. ಅಂದರೆ ಕುಶಾಲನಗರ, ಮಡಿಕೇರಿ, ಸಂಪಾಜೆಗಳ ಮೂಲಕ ಸಾಗುವ ರಾಷ್ಟ್ರೀಯ ಹೆದ್ದಾರಿ 275ರಂಥ ರಸ್ತೆಗಳು. ಆ ನಿಯಮದ ಪ್ರಕಾರ ತಪ್ಪು ನಡೆದ 15 ದಿನಗಳೊಳಗೆ ನೋಟಿಸು ಕಳುಹಿಸಬೇಕು. ಅದರಲ್ಲಿ ನಂಬರ್ ಪ್ಲೇಟಿನ ಚಿತ್ರ, ಸ್ಥಳ, ದಿನಾಂಕ, ಸಮಯ, ಅತಿವೇಗವಾದರೆ ಯಂತ್ರ ಅಳೆದ ವೇಗವೂ ಇರಬೇಕು. ಆಟಿ ತಿಂಗಳ (ಜುಲೈ-ಆಗಸ್ಟ್‌ನ ಮಳೆಗಾಲದ) ಮಂಜಿನಲ್ಲಿ, ಕೆಸರು ಮೆತ್ತಿದ ಜೀಪಿನ ನಂಬರನ್ನು ಯಂತ್ರ ಎಷ್ಟು ಓದೀತು ಎಂಬುದು ಬೇರೆ ಮಾತು. ಚಿತ್ರದಲ್ಲಿರುವುದು ನಿಮ್ಮ ವಾಹನವಲ್ಲದಿದ್ದರೆ ಹಣ ಕಟ್ಟುವ ಮೊದಲೇ ಲಿಖಿತ ಆಕ್ಷೇಪಣೆ ಸಲ್ಲಿಸಿ.